ನೆಲೆಯೂ ಒಡೆತನವೂ

ಕಾಶ್ಮೀರದ ಅರಸನಾಗಿದ್ದ ಮೋಳಿಗೆಯ ಮಾರಯ್ಯನು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುತ್ತದೆ. ಪರನಾಡಿನಲ್ಲಿ ನೆಲಸುವುದು ದೋಷವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಬಂದವನು ಮೊದಲಿದ್ದವನನ್ನು ಇಲ್ಲದವನೆಂದೇ ಬಗೆದು, ಆ ನೆಲದ ಮೇಲೆ ತನ್ನ ಊರು, ಕಾಯಿದೆ, ಚರಿತ್ರೆಗಳನ್ನು ಕಟ್ಟಿಕೊಂಡರೆ? ಇದನ್ನು ರಾಜ್ಯಶಾಸ್ತ್ರಜ್ಞರು ನೆಲಸಿಗರ ವಸಾಹತುಶಾಹಿಯೆನ್ನುವರು. ಇದು ಒಮ್ಮೆ ನಡೆದು ಮುಗಿದ ದಂಡಯಾತ್ರೆಯಲ್ಲ, ಬಿಡದೆ ನಡೆಯುವ ವ್ಯವಸ್ಥೆಯೆಂಬುದು ಆಸ್ಟ್ರೇಲಿಯದ ವಿದ್ವಾಂಸ ಪ್ಯಾಟ್ರಿಕ್ ವುಲ್ಫನ ವಾದ. ಅಲ್ಲಿಯ ನೆಲ ಯಾರದೂ ಆಗಿರಲಿಲ್ಲವೆಂಬ ಕಲ್ಪನೆಯನ್ನು ಆ ದೇಶದ ಅತ್ಯುನ್ನತ ನ್ಯಾಯಪೀಠ ತಳ್ಳಿಹಾಕಿದ್ದು 1992ರಷ್ಟು ತಡವಾಗಿ.

ಈ ಮಾತು ಭಾರತಕ್ಕೆ ಒಪ್ಪದೆಂಬ ಆಕ್ಷೇಪವುಂಟು. ಇಂಗ್ಲಿಷರು ಇಲ್ಲಿಗೆ ಕಂದಾಯವೆತ್ತಿ ಆಳಲು ಬಂದರೇ ಹೊರತು ಒಕ್ಕಲಾಗಲು ಬರಲಿಲ್ಲ. ಕೊಡಗಿನ ಕಾಫಿ ತೋಟಗಳಂಥವು ವಿರಳ. ಆಕ್ಷೇಪ ಯುಕ್ತವೇ. ಎಲ್ಲ ಅನ್ಯಾಯಕ್ಕೂ ಒಂದೇ ಹೆಸರಿಟ್ಟರೆ ಹೆಸರಿಗೆ ಬೆಲೆಯುಳಿಯದು.

ಆದರೂ ಹುಬ್ಬಳ್ಳಿಯವರ ಬಾಯಲ್ಲಿ ಇಂದಿಗೂ ಉಳಿದಿರುವ ‘ಸೆಟ್ಲಮೆಂಟ್’ ಎಂಬ ಶಬ್ದವನ್ನು ಕುರಿತು ವಿಚಾರಿಸಬೇಕು. ಇಂಗ್ಲಿಷಿನಲ್ಲಿ ನೆಲಸಿಗನ ಹೆಸರಿಗೂ ಇದಕ್ಕೂ ಧಾತುವೊಂದೇ. ಇಲ್ಲಿ ನೆಲಸಿದವರು ತಾವಾಗಿ ಬಂದವರಲ್ಲ, ತಂದು ಕೂಡಿಹಾಕಲ್ಪಟ್ಟವರು. 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಕುಲಗಳನ್ನೇ ಹುಟ್ಟುಗಳ್ಳರೆಂದು ದಾಖಲೆಮಾಡಿತು. ಮುಂದೆ ಮುಂಬಯಿ ಸರಕಾರ ಅಂಥ ಕುಟುಂಬಗಳನ್ನು ಹಾಜರಿಯ ಕಟ್ಟಿಗೆ ಒಳಪಡಿಸಿ, ಅಪ್ಪಣೆಯಿಲ್ಲದೆ ಹೊರಹೋಗದಂತೆ ನಿರ್ಬಂಧಿಸಿತು. ಕೊರಮರೂ ಅವರಲ್ಲಿದ್ದರು. ಕೆರೆಯಂಗಳದ ಹುಲ್ಲು ಕೊಯ್ದು ಹಗ್ಗ ಹೊಸೆದ ಶರಣ ನುಲಿಯ ಚಂದಯ್ಯನನ್ನು ತಮ್ಮ ಕುಲದವನೆಂದು ಎಣಿಸುವವರು ಇವರೇ. ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕಾಯಕ ಬಿಡಲಿಲ್ಲವೆಂಬ ಕಥೆ ಭಕ್ತರೆಲ್ಲ ಬಲ್ಲದ್ದು. ಆ ಕೆರೆಯ ಹುಲ್ಲಿಗೆ ಚಂದಯ್ಯನ ಬಳಿ ಯಾವ ಪಟ್ಟೆಯಿತ್ತು? ಒಡೆತನವಿಲ್ಲದೆಯೂ ಅವನಿಗೂ ನೆಲಕ್ಕೂ ನಂಟಿತ್ತು.

ಉಳದವನಿಗೆ ನೆಲವಿಲ್ಲ ಎಂದು ನೆಲಸಿಗನ ತರ್ಕ. ನಿಲ್ಲದವನು ಕಳ್ಳ ಎಂದು ಕಾಯಿದೆಯ ತರ್ಕ. ಎರಡಕ್ಕೂ ಬೇರೊಂದೇ. ನೆಲದೊಡನೆ ಮನುಷ್ಯನಿಗಿರುವ ನಂಟೆಂದರೆ ಒಡೆತನವೊಂದೇ ಎಂಬ ಭ್ರಮೆಯಿಂದ ಎರಡೂ ಹೊರಟವು. ಈ ಭ್ರಮೆಯನ್ನು ಪರಕೀಯರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಕಾಯಿದೆ ಇಂಗ್ಲಿಷರದು, ಸರಿ. ಆದರೆ ಅಲೆಮಾರಿಗಳ ಸುಳಿವನ್ನು ಸರಕಾರಕ್ಕೆ ಮುಟ್ಟಿಸುವ ಹೊಣೆ ಊರ ಮುಖಂಡರದಾಗಿತ್ತು. ಹೊಲವುಳ್ಳ ಗೃಹಸ್ಥನು ಊರಂಚಿನಲ್ಲಿ ಬಿಡಾರ ಬಿಟ್ಟವರನ್ನು ಎಬ್ಬಿಸಿ ಕಳಿಸಲು ಯಾವ ದೊರೆಯ ಅಪ್ಪಣೆಗೂ ಕಾಯಲಿಲ್ಲ.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು, ಕುಲಗಳು ವಿಮುಕ್ತವೆನಿಸಿದವು. ಅದರ ಸ್ಥಾನದಲ್ಲಿ ರೂಢಾಪರಾಧಿಗಳ ಕಾಯಿದೆಗಳು ಬಂದವು. ತಂತಿಬೇಲಿ ಹೋದರೂ ಸೆಟ್ಲಮೆಂಟ್ ಎಂಬ ಹೆಸರು ಹೋಗಲಿಲ್ಲ. ಅಲ್ಲಿಯವನೆಂದೊಡನೆ ಕೇಳುವವನ ದನಿ ಬದಲಾಗುವುದೂ ನಿಂತಿಲ್ಲ.