ಬೇಗೂರಿನ ತುಂಬೆ

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳನ್ನು ಹಿಂದಿಕ್ಕಿ, ಕಂಪನಿ ವಾಹನಗಳ ಸಾಲಿನಿಂದ ಹೇಗೋ ಬಿಡಿಸಿಕೊಂಡು ಬೇಗೂರಿನ ಹಳೆಯ ಬೀದಿಗೆ ಕಾಲಿಟ್ಟವನನ್ನು, ನಾಗೇಶ್ವರನ ಗುಡಿಯ ದಾರಿಯಲ್ಲಿ ಮೊದಲು ತಡೆದು ನಿಲ್ಲಿಸುವುದು ಹೂವಿನ ವ್ಯಾಪಾರ. ಸೇವಂತಿಗೆ, ಕನಕಾಂಬರ, ಮಲ್ಲಿಗೆಗಳೆಲ್ಲ ಅಲ್ಲಿ ಮೊಳದ ಲೆಕ್ಕಕ್ಕೆ ಒಳಪಟ್ಟಿವೆ; ಮೊಳ ಗಿಡ್ಡವಾಯಿತೆಂದು ಕೊಳ್ಳುವವಳು ದೂರುವುದೂ, “ನನ್ನ ಕೈ ಇರೋದೇ ಇಷ್ಟುದ್ದ ಕಣಮ್ಮ” ಎಂದು ಮಾರುವವಳು ನಗುವುದೂ ನಿತ್ಯದ ಸಂವಾದ.

ಈ ಲೆಕ್ಕಕ್ಕೆ ಸಿಕ್ಕದ ಹೂವೊಂದು ಅಲ್ಲೇ ಗೋಡೆಯ ಬುಡದಲ್ಲಿದೆ. ತುಂಬೆಯ ದಂಟಿನ ಗಂಟುಗಳ ಸುತ್ತ ಹಸಿರು ಬಟ್ಟಲುಗಳು ಒತ್ತೊತ್ತಾಗಿ ಕುಳಿತು, ಒಂದೊಂದರಿಂದಲೂ ಬಿಳಿಯ ಎಸಳೊಂದು ನಾಲಗೆಯಂತೆ ಹೊರಚಾಚಿರುತ್ತದೆ. ಬುಡದಲ್ಲಿ ಮಕ್ಕಳು ಹೀರುವಷ್ಟು ಜೇನು. ಮುಟ್ಟಿದರೆ ಉದುರುವ ಇದನ್ನು ಕಟ್ಟಿ ಮೊಳವಾಗಿಸಿ ಮಾರುವವರಾರು? ಆದರೂ ಶಿವನಿಗೆ ಪ್ರಿಯವಾದುದು ಇದೇ ಎಂದು ನಮ್ಮ ಹಿರಿಯರು ನಂಬಿದ್ದರು.

ನೆಟ್ಟವರಿಲ್ಲ, ನೀರೆರೆದವರಿಲ್ಲ, ತನ್ನದಲ್ಲದುದನ್ನು ಮನುಷ್ಯನು ಅರ್ಪಿಸುವುದೆಂತು ಎಂಬ ಶಂಕೆ ಇಲ್ಲಿ ಏಳುತ್ತದೆ. ಹಣ ತೆತ್ತು ತಂದ ಹೂವಾದರೋ ನಮ್ಮದೆನ್ನೋಣವೆಂದರೆ, ನಾವು ತೆತ್ತದ್ದು ಬೆಳೆದವನ ಬೆವರಿಗೆ, ಕಟ್ಟಿದವಳ ಬೆರಳಿಗೆ. ಮೊಗ್ಗು ಅರಳಿದ್ದಕ್ಕೆ ಬೆಲೆ ಕೊಟ್ಟವರು ಇಂದಿನವರೆಗೆ ಯಾರೂ ಇಲ್ಲ.

ಇದೇ ಶಂಕೆ ಅರಸರ ದಾನಕ್ಕೂ ತಗಲುತ್ತದೆ. ಈ ಊರಿನದೇ ಆದ, ಕ್ರಿ.ಶ. 900ರ ಆಸುಪಾಸಿನ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಅರಸ ಎರೆಯಪ್ಪನ ಆಜ್ಞೆಯಂತೆ, ಅವನ ಶತ್ರುವಾದ ಬೀರಮಹೇಂದ್ರನೊಡನೆ ಕಾದಿ ನಾಗತ್ತರನೆಂಬ ವೀರನು ಮಡಿದುದನ್ನೂ, ಬಳಿಕ ಅರಸನು ಇರುಗನೆಂಬುವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು, ಎಂದರೆ ಈ ಬೇಗೂರನ್ನೂ ಅದಕ್ಕೆ ಸೇರಿದ ಹಳ್ಳಿಗಳನ್ನೂ, ದತ್ತಿಯಾಗಿ ಕೊಟ್ಟುದನ್ನೂ ಅದು ಹೇಳುತ್ತದೆ. ಕಾಳಗ ನಡೆದ ಸ್ಥಳದ ಹೆಸರು ತುಂಬೆಪಾಡಿ. ಆ ಹೆಸರಿಗೂ ಈ ಗಿಡಕ್ಕೂ ನಂಟು ಕಲ್ಪಿಸಲು ನಾನು ಹೊರಡೆನು. ಆದರೆ ಅರಸನೂ ತಾನು ಸೃಷ್ಟಿಸದ ಮಣ್ಣನ್ನೇ ಕೊಟ್ಟನಲ್ಲವೆ, ನಾಗತ್ತರನು ತೆತ್ತ ಪ್ರಾಣವಾದರೂ ಅವನು ಸಂಪಾದಿಸಿದುದೇ ಎಂದು ಮನಸ್ಸು ಕೇಳದೆ ಇರದು. ಹಾಗಾದರೆ ದಾನಿಯ ಪಾಲಿಗೆ ಉಳಿಯುವುದು ಕೊಡಲು ಮುಂದಾದ ಕೈಯೊಂದೇ.

ಒಂದು ಮುಂಜಾನೆ ಆ ಗೋಡೆಯ ಬಳಿ ವೃದ್ಧೆಯೊಬ್ಬರು, ಸೊಂಟಕ್ಕೆ ಕೈ ಕೊಟ್ಟು, ಒಂದೊಂದು ಹೂವಿಗೂ ಒಂದೊಂದು ಸಲ ಬಗ್ಗಿ ತುಂಬೆ ಬಿಡಿಸುತ್ತಿದ್ದರು. ಎರಡು ಹೂ ಬೆರಳಿನಿಂದ ಜಾರಿದವು. ಅವನ್ನು ಇರುವೆಗಳಿಗೆ ಬಿಟ್ಟು, ಸೆರಗಿನಲ್ಲಿ ಉಳಿದ ಮೂರನ್ನು ಹಿಡಿದು, ಗುಡಿಯ ಕಡೆಗೆ ನಡೆದರು.