ನ್ಯಾಸಾಪಹಾರವೂ ಬಾಡಿಗೆಯ ಮುಂಗಡವೂ

ಬಾಡಿಗೆದಾರನು ಮನೆ ಖಾಲಿ ಮಾಡುವಾಗ ಮುಂಗಡದಲ್ಲಿ ಎಷ್ಟನ್ನು ಮುರಿದುಕೊಳ್ಳಬಹುದು? ಇದು ಬರಿಯ ವ್ಯವಹಾರದ ಪ್ರಶ್ನೆಯೆಂದು ತಿಳಿಯುವ ಶ್ರಾವಕರು ಅಣುವ್ರತಗಳ ಅತಿಚಾರಗಳನ್ನು ಒಮ್ಮೆ ನೆನೆಯಬೇಕು. ಪರರು ನಂಬಿ ನಮ್ಮಲ್ಲಿರಿಸಿದ ದ್ರವ್ಯವೇ ನ್ಯಾಸ. ಅದರ ಅಪಹಾರವನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯದ ಕೆಳಗೆ ಹೇಳದೆ, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಹಾಗೆಯೇ ಇದೆ.

ಹೀಗೇಕೆ? ನ್ಯಾಸವನ್ನು ಒಡೆಯನೇ ಕೈಯಾರೆ ಕೊಟ್ಟಿರುತ್ತಾನೆ. ಹಿಂದಿರುಗಿಸುವಾಗ ನಾವಾಡುವ ಮಾತಿನಿಂದ ಅದು ಅಪಹೃತವಾಗುತ್ತದೆ. ಇಟ್ಟವನು ಮರೆತು ಕಡಿಮೆ ಕೇಳಿದಾಗ ‘ಅಷ್ಟೇ ಹೌದು’ ಎಂದು ಒಪ್ಪುವುದನ್ನೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವೆಂದು ವಿವರಿಸಿದ್ದಾರೆ. ಅಂದಮೇಲೆ, ಮಾಡಿಸದ ದುರಸ್ತಿಗೆ ಬಿಲ್ ತೋರಿಸುವುದು ಅದೇ ಸೂತ್ರದ ಕೂಟಲೇಖಕ್ರಿಯೆಯೂ ಆಗುವುದಿಲ್ಲವೆ?

ಬೆಂಗಳೂರಿನ ಹಳೆಯ ರೂಢಿ ಹತ್ತು ತಿಂಗಳ ಮುಂಗಡ; 15,000 ರೂಪಾಯಿ ಬಾಡಿಗೆಗೆ 1,50,000. ಐದು ವರ್ಷಗಳ ವಾಸದಲ್ಲಿ ಗೋಡೆಯ ಬಣ್ಣ ಮಾಸಿದೆ, ಒಂದು ಬೇಸಿನ್ ಒಡೆದಿದೆ ಎಂದಿಟ್ಟುಕೊಳ್ಳೋಣ. ಬೇಸಿನ್ನಿನ ಬೆಲೆಯನ್ನೂ ಬಾಕಿ ಬಾಡಿಗೆಯನ್ನೂ ಮುರಿದುಕೊಳ್ಳುವುದು ನ್ಯಾಯವೇ, ಅದರಲ್ಲಿ ವ್ರತಭಂಗವಿಲ್ಲ. ಮಾಸಿದ ಬಣ್ಣದ ಮಾತು ಬೇರೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮು ಸಹಜ ಸವಕಳಿಯನ್ನು ಬಾಡಿಗೆದಾರನ ಮೇಲೆ ಹೊರಿಸುವುದಿಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಬರೆದಿದ್ದರೆ ಅಷ್ಟು ಮಾತ್ರ. ಅದರ ಮೇಲೆ ಒಂದು ರೂಪಾಯಿಯೂ ನಮ್ಮದಲ್ಲ.

ಬಸದಿಯ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಟ್ರಸ್ಟಿಗಳು ‘ಇದು ದೇವರ ಹಣ, ಬಿಡಲಾಗದು’ ಎನ್ನುವುದುಂಟು. ಮುಂಗಡವನ್ನು ಯಾರೂ ದಾನವಾಗಿ ಅರ್ಪಿಸಿಲ್ಲ. ಅಢಾವೆ ಪತ್ರಿಕೆಯಲ್ಲಿ ಅದರ ಸ್ಥಾನ ಹೊಣೆಗಾರಿಕೆಗಳ ಕಡೆ. ಜಿನಾಲಯದ ಹೆಸರಿನಲ್ಲಿ ಹಿಡಿದಿಟ್ಟರೆ ದೋಷ ಕರಗದು; ಜಿನಾಲಯಕ್ಕೇ ಅಪಕೀರ್ತಿ ತರುತ್ತದೆ.

ಸತ್ಯಘೋಷನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ರತ್ನಗಳನ್ನು ನಂಬಿ ಇಟ್ಟ ವರ್ತಕನಿಗೆ ಆತ ‘ನೀನು ಕೊಟ್ಟೇ ಇಲ್ಲ’ ಎಂದನು. ಇಂದು ಕರಾರು ಪತ್ರವಿರುವುದರಿಂದ ಹಾಗೆನ್ನಲಾಗದು. ‘ಎಲ್ಲವೂ ರಿಪೇರಿಗೆ ಹೋಯಿತು’ ಎನ್ನುತ್ತೇವೆ. ಎರಡು ಮಾತುಗಳಿಗೂ ಅಂತರವೆಷ್ಟು?

ಆದುದರಿಂದ ಮನೆ ಕೊಡುವ ದಿನವೇ ಅದರ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡಿರಿ. ಮುಂಗಡವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಡಿರಿ. ಬಿಡುವ ದಿನ ಜೊತೆಯಾಗಿ ನೋಡಿ, ಮುರಿದುಕೊಂಡ ಮೊತ್ತಕ್ಕೆ ನಿಜವಾದ ರಸೀದಿ ಕೊಡಿರಿ. ಒಮ್ಮತವಾಗದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಹಿರಿಯರೊಬ್ಬರನ್ನು ಕರೆಯಿರಿ. ಆಗಲೂ ಸಂದೇಹ ಉಳಿದರೆ ಅದರ ಲಾಭ ಬಾಡಿಗೆದಾರನಿಗೆ ಸಲ್ಲಲಿ. ಹಣ ನಮ್ಮ ಕೈಯಲ್ಲಿದ್ದರೂ ಅದು ಅವನದು.