ಕೈಯಕ್ಷರದ ನಾಲ್ಕು ಸಾಲು



ಮನೆ ಆಶೀರ್ವಾದಕ್ಕೆಂದು ಹೋದಾಗ ಹಿರಿಯ ತಾಯಿಯೊಬ್ಬರು ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಜಪಸರದ ಕೆಳಗೆ ಒಂದು ಹಾಡಿನ ಕ್ಯಾಸೆಟ್ಟು, ಒಂದು ಮಡಿಸಿದ ಕಾಗದ. ಎರಡನ್ನೂ ಕಳುಹಿಸಿದ್ದು 1988ರಲ್ಲಿ ದುಡಿಯಲು ಕೊಲ್ಲಿ ದೇಶಕ್ಕೆ ಹೋಗಿದ್ದ ಅವರ ಗಂಡ. ಆ ಹಿರಿಯರು ಈಗಿಲ್ಲ.

ಇಂದಿನ ಮಕ್ಕಳಿಗೆ ಕ್ಯಾಸೆಟ್ಟಿನ ಕಥೆ ಗೊತ್ತಿಲ್ಲ. ಆಗ ಇಷ್ಟದ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ 30 ನಿಮಿಷ. ಯಾವ ಹಾಡು ಮೊದಲು, ಯಾವುದು ಕೊನೆಗೆ ಎಂದು ಯೋಚಿಸಿಯೇ ಬರೆಯಬೇಕಿತ್ತು.

"ರಜೆಗೆ ಬಂದವರ ಕೈಯಲ್ಲಿ ಕೊಟ್ಟು ಕಳಿಸಿದ್ರು ಫಾದರ್. ಎಲ್ಲಾ ಅಗಲಿಕೆಯ ಹಾಡುಗಳೇ. ಕೇಳಿ ಅತ್ತೆ. ಆದ್ರೆ ನಾನು ಕಾಯ್ತಾ ಇದ್ದದ್ದು ಹಾಡಿಗಲ್ಲ," ಎಂದರು ತಾಯಿ.

ವೀಸಾ ಹಣಕ್ಕಾಗಿ ಆತ ಹೆಂಡತಿಯನ್ನು ಕೇಳದೆ ಅವಳ ಬಳೆಗಳನ್ನು ಒತ್ತೆಯಿಟ್ಟಿದ್ದರು. ಜಗಳವಾಗಿ, ಮಾತಿಲ್ಲದೆಯೇ ಹೊರಟುಹೋಗಿದ್ದರು. ಕ್ಯಾಸೆಟ್ಟು ಬಂದ ಮೂರು ತಿಂಗಳಿಗೆ ಆ ಕಾಗದ ಬಂತು. ಇದ್ದದ್ದು ನಾಲ್ಕೇ ಸಾಲು: ಕೇಳದೆ ಬಳೆ ಇಟ್ಟದ್ದು ನನ್ನ ತಪ್ಪು, ಕ್ಷಮಿಸು, ಬಿಡಿಸಿಕೊಡುತ್ತೇನೆ, ಮಕ್ಕಳು ಹೇಗಿದ್ದಾರೆ. "ಅವತ್ತು ರಾತ್ರಿ ನಾನು ಉಂಡು ಮಲಗಿದೆ ಫಾದರ್," ಎಂದರು ಆಕೆ.

ಹಾಗಾದರೆ ಕ್ಯಾಸೆಟ್ಟು ಸುಳ್ಳೇ? ಹಾಗೆನ್ನಲಾರೆ. ಧರ್ಮಸಭೆ ದಿನವೂ ಪ್ರಾರ್ಥಿಸುವುದು ಎರವಲು ಮಾತಿನಿಂದಲೇ. 150 ಕೀರ್ತನೆಗಳನ್ನು ನಾವಾರೂ ಬರೆದಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಲ್ಲಿ ಬಂದದ್ದು ಕೂಡ 22ನೆಯ ಮತ್ತು 31ನೆಯ ಕೀರ್ತನೆಯ ಮಾತುಗಳು. ದುಃಖದಲ್ಲಿ ಗಂಟಲು ಕಟ್ಟಿದಾಗ ಇನ್ನೊಬ್ಬರ ಮಾತು ದೊರೆಯುವುದೂ ದೇವರ ಕೃಪೆ. ಮಾತು ಬಾರದ ಗಂಡಸು ಹಾಡು ಆರಿಸಿ ಕಳಿಸಿದರೆ ಅದೂ ಪ್ರೀತಿಯೇ.

ಆದರೆ ಎರವಲು ತರಲಾಗದ ಮಾತೂ ಒಂದಿದೆ. ಸಂತ ಪೌಲರು ರೋಮನರಿಗೆ ಬರೆದ ಪತ್ರಕ್ಕೆ ಕೈಯಕ್ಷರ ಕೊಟ್ಟವನು ತೆರ್ತಿಯ. ಪೌಲರು ಹೇಳಿದರು, ಅವನು ಬರೆದ. ಆದರೆ ಫಿಲೆಮೋನನಿಗೆ ಬರೆದ ಪುಟ್ಟ ಪತ್ರವನ್ನು ನೋಡಿ. ಒನೇಸಿಮನೆಂಬ ದಾಸನನ್ನು ಒಡೆಯನ ಬಳಿಗೆ ಕಳುಹಿಸುತ್ತ, ಅವನ ಸಾಲವೇನಾದರೂ ಇದ್ದರೆ ತಾನೇ ತೀರಿಸುವುದಾಗಿ ಹೇಳುವಾಗ, ಇದನ್ನು ಸ್ವಂತ ಕೈಯಿಂದಲೇ ಬರೆಯುತ್ತಿದ್ದೇನೆ ಎನ್ನುತ್ತಾರೆ. ಸಾಲ ಹೊರುವ ಮಾತಿಗೆ ಹೊರುವವನದೇ ಕೈ ಬೇಕು.

ಪಾಪನಿವೇದನೆಯಲ್ಲೂ ಹೀಗೆಯೇ. ಪಶ್ಚಾತ್ತಾಪದ ಪ್ರಾರ್ಥನೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಮಾಡಿದ ಪಾಪವನ್ನು ನಮ್ಮದೇ ಬಾಯಿಂದ ಹೇಳಬೇಕು. ನಮ್ಮ ಪರವಾಗಿ ಬೇರೆಯವರು ಹೇಳಲಾಗದು.

ಈಗ ಕ್ಯಾಸೆಟ್ಟಿನ ಜಾಗಕ್ಕೆ ಮೊಬೈಲು ಬಂದಿದೆ. ಮದುವೆಯ ವಾರ್ಷಿಕೋತ್ಸವಕ್ಕೊಂದು ಹಾಡು, ಹಬ್ಬಕ್ಕೊಂದು ಚಿತ್ರ, ಯಾರೋ ಮಾಡಿದ್ದನ್ನು ಯಾರಿಗೋ ದಾಟಿಸುತ್ತೇವೆ. ಕಳುಹಿಸಿ, ತಪ್ಪಿಲ್ಲ. ಆದರೆ ಹೆಂಡತಿ, ತಮ್ಮ, ವಯಸ್ಸಾದ ತಂದೆ ನಿಮ್ಮಿಂದ ಕಾಯುತ್ತಿರುವುದು ಆ ಹಾಡಿಗೇ ಏನು?

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನೀವು ಯಾರಿಗೆ ಋಣಿಯೋ ಅವರ ಹೆಸರು ಬರೆಯಿರಿ. ನಾಲ್ಕು ಸಾಲು ಸಾಕು. ಅಕ್ಷರ ಅಂದವಾಗಿಲ್ಲವೆಂಬ ಸಂಕೋಚ ಬೇಡ. ಪೌಲರೇ ಗಲಾತ್ಯರಿಗೆ, ನನ್ನ ಅಕ್ಷರ ಎಷ್ಟು ದೊಡ್ಡದಿದೆ ನೋಡಿ ಎಂದಿದ್ದಾರೆ. ಬರೆದ ಮೇಲೆ, ಆಗುವುದಾದರೆ, ನೀವೇ ಹೋಗಿ ಕೊಡಿ. ಪ್ರವಾದಿಗಳ ಮೂಲಕ ಮಾತಾಡಿದ ದೇವರೂ ಕೊನೆಗೆ ತಮ್ಮ ಪುತ್ರನನ್ನೇ ಕಳುಹಿಸಿದರಲ್ಲವೇ?

ಆ ತಾಯಿಯ ಕ್ಯಾಸೆಟ್ಟು ಈಗ ಓಡುವುದಿಲ್ಲ. ಟೇಪು ಒಳಗೇ ಅಂಟಿಕೊಂಡಿದೆ. ಮತ್ತೇಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಡಬ್ಬಿಯೊಳಗಿನ ಚೀಟಿ ತೆಗೆದು ತೋರಿಸಿದರು. ಹಾಡುಗಳ ಪಟ್ಟಿ, ಒಂದು, ಎರಡು, ಮೂರು ಎಂದು. "ಇದೂ ಅವರದೇ ಅಕ್ಷರ ಫಾದರ್," ಎಂದರು.

ಪ್ರಭು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.